ನೀರು ಹಾಕಿದ ಕೈ

ಬಸ್ತ್ಯಾಂವ ಕ್ರಾಸ್ತಾ ಎಂಬ ಮನುಷ್ಯನಿಗೆ ಜನ್ಮದಲ್ಲಿ ಒಂದೇ ಒಂದು ಪುಣ್ಯ ಮಾಡಿದ ಖ್ಯಾತಿ; ಅದನ್ನು ಅವನು ಇಪ್ಪತ್ತು ವರ್ಷ ಕೂತು ತಿಂದ. ಹಟ್ಟಿಯಂಗಡಿಯ ಆಚೆ, ಹೊಳೆಬದಿಯ ಕಾರ್ಮಿನ್ ಬಾಯಿಯ ಮನೆಯಲ್ಲಿ ಉಸಿರೇ ಇಲ್ಲದಂತೆ ಒಂದು ಹೆಣ್ಣು ಶಿಶು ಹುಟ್ಟಿತ್ತು. ಪಾದ್ರಿ ಬರುವಷ್ಟು ಹೊತ್ತಿಲ್ಲವೆಂದು ನೆರೆಮನೆಯವನಾದ ತಾನೇ ಅದರ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ಟೆ ಎಂದು ಅವನು ಹೇಳಿಕೊಳ್ಳದ ಜಗಲಿಯಿಲ್ಲ. ಸಾಯುವ ಶಿಶುವಿಗೆ ಯಾರು ಬೇಕಾದರೂ ಹಾಗೆ ಕೊಡಬಹುದು, ಇಗರ್ಜಿ ಒಪ್ಪುತ್ತದೆ. ಶಿಶು ಬದುಕಿತು. ಆ ಒಂದು ಚೆಂಬು ನೀರಿನ ಬಲದಲ್ಲೇ ಬಸ್ತ್ಯಾಂವ ಗುರ್ಕಾರನಾದ, ಅಂದರೆ ಕೇರಿಯ ಕ್ರಿಸ್ತುವರಿಗೆಲ್ಲ ಯಜಮಾನ.

ಆ ಶಿಶುವೇ ಸೆವ್ರಿನ್. ಬುದ್ಧಿ ಬಂದಂದಿನಿಂದ ಅವಳಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಬಂದವನೇ ಅವಳ ತಲೆಯ ಮೇಲೆ ಬೆವರಿನ ಕೈ ಇಟ್ಟು, "ಈ ತಲಿಗೆ ನೀರ್ ಹಾಕದ್ ಕೈ ಇದ್" ಎನ್ನುತ್ತಿದ್ದ. ತೆನೆಹಬ್ಬದ ಹೊಸಕ್ಕಿಯ ಮೊದಲ ಬಟ್ಟಲು ಅವನಿಗೆ, ಕ್ರಿಸ್ಮಸ್ಸಿನ ಹಂದಿಮಾಂಸದ ಒಳ್ಳೆಯ ತುಂಡೂ ಅವನಿಗೆ. ಗಂಡ ಹಡಗಿನ ಕೆಲಸಕ್ಕೆ ಹೋಗಿ ತಿರುಗಿ ಬಾರದ ಕಾರ್ಮಿನ್ ಬಾಯಿಗೆ, ಮಗಳ ಆತ್ಮ ಉಳಿಸಿದವನೆಂದರೆ ದೇವರ ಪಕ್ಕದ ಪೀಠ. ಅವನು ಬಾಯಿ ಚಪ್ಪರಿಸಿ ತಿನ್ನುತ್ತಿದ್ದ.

ಹೆಂಡತಿ ಸತ್ತು ವರ್ಷ ತುಂಬುವ ಮೊದಲೇ, ೧೯೫೯ರಲ್ಲಿ, ಆ ಮುದಿಗೂಬೆ ಅದೇ ಕೈ ಚಾಚಿ ಸೆವ್ರಿನ್‌ಳನ್ನೇ ಕೇಳಿದ.

"ನಿಂಗೆ ಸ್ವರ್ಗದ ಬಾಗ್ಲ್ ತೆಗ್ದ್ ಕೊಟ್ಟವ್ರ್ ಅವ್ರ್, ಹೆಣೆ. ಹ್ಯಾಂಗ್ ಬ್ಯಾಡ ಅಂಬುದ್?" ಎಂದಳು ತಾಯಿ.

ಸೆವ್ರಿನ್ ಅತ್ತಳು, ಊಟ ಬಿಟ್ಟಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಗೆ ಮೊದಲು ಗಂಡು ಹೆಣ್ಣು ಪಾದ್ರಿಯ ಮುಂದೆ ಕೂತು ಧರ್ಮಪಾಠ ಒಪ್ಪಿಸಬೇಕು. ಹೊಸ ಪಾದ್ರಿ ಮಂಗಳೂರಿನವರು, ಊರ ಕಥೆ ತಿಳಿಯದವರು. ಇಗರ್ಜಿಯ ಜಗಲಿಯಲ್ಲಿ ಬಸ್ತ್ಯಾಂವ ತೂಕಡಿಸುತ್ತಿದ್ದ. ಏಳು ಸಂಸ್ಕಾರಗಳ ಹೆಸರೂ ನೆಟ್ಟಗೆ ಬಾರದ ಗುರ್ಕಾರ. ಕಾರ್ಮಿನ್ ಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಯಾರು ಯಾರನ್ನು ಮದುವೆಯಾಗಬಾರದೆಂದು ಪಾದ್ರಿ ಓದುತ್ತಾ ಹೋದರು. ರಕ್ತಸಂಬಂಧಿ ಕೂಡದು. ಜ್ಞಾನಸ್ನಾನ ಕೊಟ್ಟವನು ಆತ್ಮಕ್ಕೆ ತಂದೆಯ ಸಮಾನ, ಅವನೂ ಕೂಡದು.

ಸೆವ್ರಿನ್ ನೆಟ್ಟಗೆ ಕೂತಳು. "ಪಾದ್ರ್ಯಾಬಾ, ನಂಗ್ ನೀರ್ ಹಾಕದ್ದ್ ಇವ್ರೇ. ಊರಿಗೇ ಗೊತ್ತಿತ್ತ್."

ಪಾದ್ರಿ ಪುಸ್ತಕ ಮುಚ್ಚಿದರು. "ಹಾಗಾದರೆ ಮದುವೆ ಇಲ್ಲ. ಬಿಷಪರು ಅಪ್ಪಣೆ ಕೊಟ್ಟರೆ ನೋಡೋಣ, ಅದು ಯಾವ ಕಾಲಕ್ಕೋ."

ಬಸ್ತ್ಯಾಂವನ ನಿದ್ದೆ ಹಾರಿತು. ಹಂದಿ ಕೊಬ್ಬಿಸಿಟ್ಟಿದ್ದ, ಬೈಂದೂರಿನ ಬ್ಯಾಂಡಿನವರಿಗೆ ವೀಳ್ಯ ಕೊಟ್ಟಾಗಿತ್ತು.

"ಅಪ್ಪಣೆ ಎಂತಕೆ? ನಾನ್ ನೀರ್ ಹಾಕ್ಲೇ ಇಲ್ಲ!" ಎಂದುಬಿಟ್ಟ. "ಹಂಡೆ ಖಾಲಿ ಇತ್ತ್. ಸೂಲಗಿತ್ತಿ ಅಕ್ಕು ಈ ಕಾರ್ಮಿನ್ ಬಾಯಿನ್ ಎಚ್ಚರ ಮಾಡುಕೆ ಒದ್ದಾಡ್ತಿದ್ಲ್. ಬಾವಿಗ್ ಹೋಪುಕೆ ನಂಗ್ ಉದಾಸೀನ ಆಯ್ತ್. ಶಿಶು ಹ್ಯಾಂಗೂ ಸಾಯತ್ತ್ ಅಂದ್ಕಂಡೆ. ಕೇಂಡವ್ರಿಗೆ ಹಾಕ್ದೆ ಅಂದೆ, ಅಷ್ಟೇ. ಈಗ ಅಡ್ಡಿ ಇಲ್ಲ ಅಲ್ದಾ?"

ಹೇಳಿ, ಕೇಸು ಗೆದ್ದವನ ಹಾಗೆ ಸುತ್ತ ನೋಡಿದ. ಇಂಥವನ ಕೈಯನ್ನು ಇಷ್ಟು ವರ್ಷ ತಲೆಯ ಮೇಲೆ ಹೊತ್ತೆನಲ್ಲ ಎಂದು ಸೆವ್ರಿನ್‌ಗೆ ಅಸಹ್ಯವಾಯಿತು.

ಪಾದ್ರಿ ಎದ್ದು ನಿಂತರು. "ಅಂದರೆ ಇವಳಿಗೆ ಜ್ಞಾನಸ್ನಾನವೇ ಆಗಿಲ್ಲ. ತೆಗೆದುಕೊಂಡ ಪ್ರಸಾದ, ಮಾಡಿದ ಪಾಪನಿವೇದನೆ, ಒಂದೂ ನಿಲ್ಲುವುದಿಲ್ಲ. ಮೊದಲು ಈ ತಲೆಗೆ ನೀರು ಬೀಳಬೇಕು, ಇವತ್ತೇ. ನೀರು ತನ್ನಿ."

ಕಾರ್ಮಿನ್ ಬಾಯಿ ಕಂಬ ಬಿಟ್ಟು ಎದ್ದಳು. ನೀರು ಬೀಳದ ಮಗಳು ಅವತ್ತು ಸತ್ತಿದ್ದರೆ ದೇವರ ಮುಖವನ್ನೇ ಕಾಣುತ್ತಿರಲಿಲ್ಲ. ತಾನು ಮಾತ್ರ ಮಗಳು ಸ್ವರ್ಗದಲ್ಲಿದ್ದಾಳೆಂದು ಮೇಣದಬತ್ತಿ ಹಚ್ಚಿ, ಇವನಿಗೆ ಹೊಸಕ್ಕಿ ಬಡಿಸುತ್ತಿದ್ದಳು. ಅವಳು ಯಾರ ಮುಖವನ್ನೂ ನೋಡದೆ ಇಗರ್ಜಿಯ ಬಾವಿಕಟ್ಟೆಗೆ ನಡೆದು ಕೊಡಪಾನ ಇಳಿಸಿದಳು.

ಬಸ್ತ್ಯಾಂವ ಹಲ್ಲು ಕಿರಿಯುತ್ತ ಹಿಂದೆಯೇ ಬಂದು ಹಗ್ಗಕ್ಕೆ ಕೈ ಹಾಕಿದ. "ಕೊಡಿ ಅತ್ತೆ, ನಾನ್ ಸೇದ್ತೆ."

ಕಾರ್ಮಿನ್ ಬಾಯಿ ಹಗ್ಗ ಬಿಡಲಿಲ್ಲ. "ಬ್ಯಾಡ ಗುರ್ಕಾರ್ರೆ. ನಿಮ್ಗೆ ಬಾವಿ ದೂರ ಆತ್ತ್."