ರುಚಿ ಬಂದ ಮೇಲೆ ರುಜು

ನನ್ನ ಕೆಲಸ ಬಣ್ಣ ಹೊಂದಿಸುವುದು. ಗಿರಾಕಿ ತನ್ನ ಮನೆಯ ಗೋಡೆಯಿಂದ ಉಗುರಗಲದ ಚಕ್ಕೆ ಕಿತ್ತು ತಂದು ಕೌಂಟರಿನ ಮೇಲಿಡುತ್ತಾನೆ. ನಾನು ಬಿಳಿ ಬಣ್ಣದ ಡಬ್ಬಕ್ಕೆ ಕಪ್ಪು ಇಷ್ಟು, ಹಳದಿ ಅಷ್ಟು, ಕೆಂಪು ಒಂದೇ ಹನಿ ಎಂದು ಬೆರೆಸಿ, ರಟ್ಟಿನ ಚೂರಿಗೆ ಬಳಿದು, ಹೇರ್ ಡ್ರೈಯರ್‌ನಿಂದ ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಆಮೇಲೆ ಚಕ್ಕೆ ಯಾವುದು, ರಟ್ಟು ಯಾವುದು ಎಂದು ಗಿರಾಕಿಯೇ ತಡಕಾಡಬೇಕು. ಊರಲ್ಲಿ ಮೂರು ಕಡೆ ಕೆಲಸಕ್ಕೆ ಸೇರಿ ಮೂರೂ ಕಡೆ ನನ್ನ ಬಣ್ಣ ಬಯಲಾಗಿತ್ತು. ಈ ಪರದೇಶಕ್ಕೆ ಬಂದ ಮೇಲೆ ಬಣ್ಣವೇ ಹೊಟ್ಟೆಗೆ ಹಾಕಿತು. ನನಗೂ ಒಂದು ಕೆಲಸ ಬರುತ್ತದೆ ಎಂದು ತಿಳಿದದ್ದು ಇಲ್ಲೇ.

ಆದ್ದರಿಂದ ಬಾಡಿಗೆ ಮನೆಯ ಕರಾರು ಪತ್ರ ಬಂದ ದಿನವೇ ನಾನು ರುಜು ಹಾಕಿಬಿಟ್ಟೆ. ಇನ್ನೆರಡು ವರ್ಷಕ್ಕೆ. ಅದಕ್ಕೆ ಹೆಂಡತಿಯ ರುಜುವೂ ಬೇಕು. ಪತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಹದಿನೈದು ದಿನವಾಯಿತು. ಅವಳ ಹೆಸರಿನ ಮುಂದಿನ ಗೆರೆ ಖಾಲಿಯೇ ಇತ್ತು. ತಿಂಗಳ ಕೊನೆಗೆ ಕೊಡದಿದ್ದರೆ ಮನೆ ಬೇರೆಯವರಿಗೆ ಎಂದು ಮನೆಯೊಡತಿ ಎರಡು ಸಲ ನಯವಾಗಿ ಹೇಳಿದ್ದಳು.

"ಯಾಕೆ, ಪೆನ್ ಬರೀತಿಲ್ವಾ?" ಎಂದೆ ಒಂದು ಸಂಜೆ.

"ಎರಡು ವರ್ಷ ಅಂತ ಬರೆದಿದೆ ರೀ ಇದ್ರಲ್ಲಿ."

"ಹೌದು."

"ಬೆಳಿಗ್ಗೆಯಿಂದ ಸಂಜೆವರೆಗೆ ಯಾರ್ಯಾರದೋ ಮನೆ ಪರದೆಗೆ ಅಂಚು ಹೊಲೀತೀನಿ. ಮನೆಗೆ ಬಂದು ಒಂದು ತುತ್ತು ಸಾರನ್ನ ಸರಿಯಾಗಿ ತಿನ್ನೋಕಿಲ್ಲ. ಊರಿಗೆ ಹೋಗ್ಬಿಡೋಣ."

"ಸಾರಿಗೋಸ್ಕರ ಯಾರಾದ್ರೂ ದೇಶ ಬಿಡ್ತಾರಾ?"

"ಸಾರಿಗೋಸ್ಕರ ಅಲ್ಲ. ಸಾರೂ ಇಲ್ಲ ಅಂತ."

"ಸಾರಿಲ್ಲದ ಸಂಸಾರ ನಿಸ್ಸಾರ ಅನ್ನು."

ಅವಳು ನಗಲಿಲ್ಲ. "ರುಚಿ ಬಂದ್ಮೇಲೆ ರುಜು," ಎಂದು ಒಳಗೆ ಹೋದಳು. ನಮ್ಮ ಮನೆಯಲ್ಲಿ ಮಾತು ತಿರುಚುವ ಇಲಾಖೆ ನನ್ನದು. ಅವಳು ಅದಕ್ಕೆ ಕೈ ಹಾಕಿದ್ದಾಳೆಂದರೆ ವಿಷಯ ಗಂಭೀರ ಎಂದೇ ಅರ್ಥ.

ತಪ್ಪು ಅವಳದಲ್ಲ. ಮೊದಲು ಮೂರು ತಿಂಗಳಿಗೊಮ್ಮೆ ಅಮ್ಮ ಮನೆಯಲ್ಲಿ ಮಾಡಿದ ಸಾರಿನ ಪುಡಿ ಪಾರ್ಸೆಲ್ಲಿನಲ್ಲಿ ಬರುತ್ತಿತ್ತು. ಪಾರ್ಸೆಲ್ಲಿನ ದರ ಏರಿ ಏರಿ, ಪುಡಿಗಿಂತ ಅದರ ಪ್ರಯಾಣವೇ ದುಬಾರಿಯಾದಾಗ ನಾವೇ ಬೇಡವೆಂದೆವು. ಕೊನೆಯ ಡಬ್ಬಿಯನ್ನು ಎಂಟು ತಿಂಗಳು ಚಮಚದ ತುದಿಯಲ್ಲೇ ದಾಟಿಸಿದ್ದಾಯಿತು. ಈಗ ತಳದಲ್ಲಿ ಎರಡು ಚಿಟಿಕೆ ಉಳಿದಿತ್ತು. ಅಂಗಡಿಯ ಪ್ಯಾಕೆಟ್ ಪುಡಿ ತಂದು ನೋಡಿದೆವು. ಉಪ್ಪು ಖಾರ ಎರಡೂ ಇತ್ತು, ಸಾರು ಮಾತ್ರ ಇರಲಿಲ್ಲ.

ಶನಿವಾರ ಮಧ್ಯಾಹ್ನ ದಿನಸಿ ಮಾವನ ಅಂಗಡಿಗೆ ಹೋದೆ. ನಮ್ಮ ಕಡೆಯ ಬೇಳೆಕಾಳು ಮಾರುವ ಹಿರಿಯರು. ಅವರನ್ನು ಎಲ್ಲರೂ ಮಾವ ಅನ್ನುತ್ತೇವೆ. ಅಲ್ಲಿ ಬೆಲೆಯ ಚೀಟಿಯ ಮೇಲೆ ಚೀಟಿ ಅಂಟಿಸಿ ಅಂಟಿಸಿ, ತೊಗರಿಬೇಳೆಯ ಚೀಲದ ಮೇಲೆ ಒಂದು ಸಣ್ಣ ಪುಸ್ತಕವೇ ಆಗಿತ್ತು.

"ಮಾವ, ಬೇಳೆ ಮತ್ತೆ ಏರಿದೆಯಲ್ಲ."

"ನನ್ನೇನು ಕೇಳ್ತೀಯಪ್ಪ. ಹಡಗಿನವನ್ನ ಕೇಳು. ಅವನು ಡೀಸೆಲ್‌ನವನ್ನ ಕೇಳು ಅಂತಾನೆ."

"ಹೀಗಾದ್ರೆ ಇಲ್ಲಿ ನನ್ನ ಬೇಳೆ ಬೇಯಲ್ಲ ಬಿಡಿ."

"ಬೇಯುತ್ತೆ. ಒಂದು ಮುಷ್ಟಿ ಕಮ್ಮಿ ಹಾಕ್ಕೋ."

ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಮೆಂತ್ಯ, ಜೀರಿಗೆ, ಕರಿಮೆಣಸು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಂಡೆ. ಬೇಕಾದ ಸಾಮಾನು, ಅಳತೆ ಎರಡನ್ನೂ ಅಮ್ಮ ಯಾವತ್ತೋ ಹೇಳಿದ್ದಳು. ಹುರಿಯುವುದು ಎಷ್ಟು ಎಂದು ನಾನು ಕೇಳಲಿಲ್ಲ. ನನಗೇಕೆ ಹೇಳಬೇಕು? ಡಬ್ಬಿಯ ತಳದಲ್ಲಿ ಮಾದರಿಯೇ ಇತ್ತಲ್ಲ.

ಆ ಎರಡು ಚಿಟಿಕೆಯನ್ನು ಬಿಳಿ ರಟ್ಟಿನ ಮೇಲೆ ಸವರಿ, ಪಾರದರ್ಶಕ ಟೇಪು ಅಂಟಿಸಿ, ಒಲೆಯ ಪಕ್ಕದ ಕಿಟಕಿಗೆ ಒರಗಿಸಿದೆ. ಹುರಿದೆ, ಪುಡಿ ಮಾಡಿದೆ, ರಟ್ಟಿನ ಪಕ್ಕ ಹಿಡಿದೆ. ಕೆಂಪು ಹೆಚ್ಚು, ಕಂದು ಕಮ್ಮಿ. ಕಂದು ಬರಲಿ ಎಂದು ಮೆಂತ್ಯವನ್ನು ಇನ್ನಷ್ಟು ಹುರಿದು ಸೇರಿಸಿದೆ. ಇನ್ನೂ ಸಾಲದು. ಮತ್ತೆ ಹುರಿದೆ. ನಾಲ್ಕನೆಯ ಸಲ ಪುಡಿ ರಟ್ಟಿನ ಜೊತೆ ಒಂದಾಯಿತು. ನಮ್ಮ ಬಣ್ಣದಂಗಡಿಯ ಯಜಮಾನರೇ ಕನ್ನಡಕ ಹಣೆಗೇರಿಸಿ, ಮೂಗು ಉಜ್ಜಿ, "ಹ್ಞೂಂ" ಎಂದು ತಲೆಯಾಡಿಸುವಷ್ಟು ಒಂದಾಯಿತು. ಅವರ "ಹ್ಞೂಂ" ಅನ್ನು ನಾನೇ ಅವರ ದನಿಯಲ್ಲಿ ಅಂದುಕೊಂಡೆ.

ಭಾನುವಾರ ಸಾರು ಮಾಡಿ ಬಡಿಸಿದೆ. ಹೆಂಡತಿ ಒಂದು ತುತ್ತು ತಿಂದಳು, ನೀರು ಕುಡಿದಳು, ನನ್ನ ಮುಖ ನೋಡಿದಳು.

"ಬಣ್ಣ ಚೆನ್ನಾಗಿದೆ," ಎಂದಳು.

"ಮತ್ತೆ?"

"ಗೋಡೆಗೆ ಬಳಿದ್ರೆ ತುಂಬ ದಿನ ಬರುತ್ತೆ."

ತಿಂದು ನೋಡಿದೆ. ಹಾಗಲಕಾಯಿ ಹಾಕದೆ ಹಾಗಲಕಾಯಿ ಸಾರು ಮಾಡಿದ್ದೆ. ಆ ದಿನ ಮೊಸರನ್ನವಾಯಿತು. ಗೆರೆ ಖಾಲಿ ಉಳಿಯಿತು. ತಿಂಗಳು ಮುಗಿಯಲು ಒಂದು ವಾರವಿತ್ತು.

ಮಾರನೆಯ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ.

"ಎಷ್ಟು ಹುರಿದೆ?" ಎಂದಳು.

"ಬಣ್ಣ ಬರೋವರೆಗೆ."

"ಯಾವ ಬಣ್ಣ?"

"ನಿನ್ನ ಡಬ್ಬೀದು."

ಆ ಕಡೆಯಿಂದ ನಗು. "ಅದು ಎಂಟು ತಿಂಗಳ ಹಳೇದು ಕಣೋ ಗಿಣಿ. ಮಾಸಿರಲ್ವಾ?"

ಕಂಡಕಂಡವರ ದನಿ ಅಣಕಿಸುತ್ತೇನೆಂದು ಮನೆಯಲ್ಲಿ ನನ್ನನ್ನು ಗಿಣಿ ಅನ್ನುತ್ತಾರೆ. ಆ ಕ್ಷಣ ಗಿಣಿ ತನ್ನ ತಲೆಗೇ ಮೊಟಕಿಕೊಂಡಿತು. ಹಳೆ ಗೋಡೆಯ ಬಣ್ಣ ಮಾಸಿರುತ್ತದೆ ಸ್ವಾಮಿ, ಚಕ್ಕೆಯನ್ನು ನಂಬಬೇಡಿ ಎಂದು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುವವನು ನಾನೇ.

"ನಮ್ಮ ಅಡುಗೆಮನೆ ಬಲ್ಬಲ್ಲಿ ಕೊತ್ತಂಬ್ರಿ ಕಾಣೋದೇ ಕಷ್ಟ," ಎಂದಳು ಅಮ್ಮ. "ನಾನು ಯಾವತ್ತು ಬಣ್ಣ ನೋಡಿದ್ದೀನಿ? ಕಿವೀಲಿ ಹುರೀತೀನಿ."

"ಕಿವೀಲಾ?"

"ಕೇಳು. ಕೊತ್ತಂಬ್ರಿ ಬೀಜ ಮೊದ್ಲು ನಿಮ್ಮ ದೊಡ್ಡಪ್ಪ ಒದ್ದೆ ಚಪ್ಪಲೀಲಿ ನಡೆದ ಹಾಗೆ." ಫೋನಿನಲ್ಲಿ ದಪ್, ದಪ್ ಎಂದು ದೊಡ್ಡಪ್ಪನೇ ನಡೆದು ಹೋದರು. "ತಾಳ್ಮೆಯಿಂದ ಕೈಯಾಡಿಸ್ತಿರು. ಆಮೇಲೆ ನಿಮ್ಮ ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು ಮದುವೆಮನೇಲಿ ಓಡಾಡಿದ ಹಾಗೆ." ಸರ ಸರ ಸರ. ಸೆರಗು ನನ್ನ ಕಿವಿಗೇ ತಾಗಿತು. "ಅವಳು ಬಂದ್ಲು ಅಂದ್ರೆ ಬಾಣಲೆ ಇಳಿಸ್ಬಿಡು."

"ಮೆಂತ್ಯ?"

"ನಿಮ್ಮ ಸೋದರತ್ತೆ ನೆಟಿಗೆ ಮುರಿಯೋ ಹಾಗೆ. ಟಿಕ್, ಟಿಕ್. ಮೂರನೇದಕ್ಕೆ ಕಾಯ್ಬೇಡ, ಕಹಿಯಾಗ್ತಾಳೆ. ಮೆಣಸಿನಕಾಯಿ ನಿಮ್ಮಪ್ಪ ಹೊರಗೆ ಹೊರಡೋ ಮುಂಚೆ ಬೀಗದಕೈ ಆಡಿಸ್ತಾರಲ್ಲ, ಹಾಗೆ ಒಳಗೆ ಬೀಜ ಗಲಗಲ ಅನ್ಬೇಕು."

ಈ ಗಿಣಿಬುದ್ಧಿ ಇವನಿಗೆ ಎಲ್ಲಿಂದ ಬಂತು ಎಂದು ಅಪ್ಪ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದಾರೆ. ನಾಲ್ಕು ಜನರ ಮುಂದೆ ದನಿಯೇ ಎತ್ತದ ನನ್ನಮ್ಮನನ್ನು ಯಾರೂ ಅನುಮಾನಿಸಿರಲಿಲ್ಲ.

"ಇಷ್ಟು ದಿನ ಯಾಕಮ್ಮ ನಮ್ಮ ಮುಂದೆ ಮಾಡ್ಲಿಲ್ಲ?"

"ಬಾಣಲೆ ಮುಂದೆ ಮಾಡ್ತಿದ್ದೆ. ನೀವ್ಯಾರು ಒಳಗೆ ಬರ್ತಿದ್ರಿ? ಸರಿ, ಈಗ ನೀನು ಮಾಡು, ನೋಡೋಣ."

ಪರೀಕ್ಷೆ ನಡೆಯಿತು. ದೊಡ್ಡಪ್ಪ, ಅಪ್ಪ ಪಾಸು. ಸೋದರತ್ತೆ ಅಂಚಿನಲ್ಲಿ ಪಾಸು. ಚಿಕ್ಕಮ್ಮನಿಗೆ ಅಮ್ಮ ನನ್ನನ್ನು ಐದು ಸಲ ಓಡಾಡಿಸಿದಳು. "ಅದು ನೈಲಾನ್ ಸೀರೆ ಕಣೋ. ರೇಷ್ಮೆ, ರೇಷ್ಮೆ."

ಮುಂದಿನ ಶನಿವಾರ ಮಾವನ ಅಂಗಡಿಯಲ್ಲಿ ಮೆಣಸಿನಕಾಯಿಯ ಚೀಲದ ಚೀಟಿ ಪುಸ್ತಕಕ್ಕೂ ಇನ್ನೊಂದು ಹಾಳೆ ಸೇರಿತ್ತು. ಕೊಂಡೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಫ್ಯಾನು ಆರಿಸಿದೆ. ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು ಓಡುತ್ತಿತ್ತು.

"ಸ್ವಲ್ಪ ಮಿಷನ್ ನಿಲ್ಸು."

"ಯಾಕೆ?"

"ಚಿಕ್ಕಮ್ಮ ಬರೋ ಹೊತ್ತು."

ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಕಣ್ಣು ಮುಚ್ಚಿಕೊಂಡು ಸೌಟಾಡಿಸಿದೆ. ದೊಡ್ಡಪ್ಪ ಬಹಳ ಹೊತ್ತು ನಡೆದರು. ಇವರು ಹೀಗೇ ನಡೆದು ಊರು ಸೇರುತ್ತಾರೇನೋ ಅನ್ನಿಸುವಾಗ ಎಲ್ಲೋ ದೂರದಲ್ಲಿ ಸರ ಎಂದಿತು. ಮತ್ತೆ ಸರ ಸರ. ನೈಲಾನಲ್ಲ. ಬಾಣಲೆ ಇಳಿಸಿದೆ. ಮೆಂತ್ಯದ ಎರಡನೆಯ ಟಿಕ್‌ಗೆ ಒಲೆ ಆರಿಸುವಾಗ ಎದೆಯೂ ಒಮ್ಮೆ ಟಿಕ್ ಎಂದಿತು.

ಊಟಕ್ಕೆ ಕೂತೆವು. ಹೆಂಡತಿ ಅನ್ನದ ನಡುವೆ ಗುಣಿ ಮಾಡಿ ಸಾರು ಬಿಟ್ಟುಕೊಂಡಳು. ಕಲಸಿದಳು, ತಿಂದಳು. ಮತ್ತೆ ಬಿಟ್ಟುಕೊಂಡಳು. ಮೂರನೆಯ ಸಲ ಅನ್ನವಿಲ್ಲದೆ ಬರೀ ಸಾರನ್ನು ಲೋಟಕ್ಕೆ ಬಗ್ಗಿಸಿ, ಊದಿ ಊದಿ ಕುಡಿದಳು. ಮೂಗಿನ ತುದಿ ಬೆವರಿತು. ಆಮೇಲೆ ಎಡಗೈಯಿಂದ ಫ್ರಿಜ್ಜಿನ ಬಾಗಿಲಿನ ಪತ್ರ ಕಿತ್ತು ಮೇಜಿನ ಮೇಲಿಟ್ಟಳು.

"ಈ ಪುಡಿ ಎಷ್ಟು ದಿನ ಬರುತ್ತೆ?"

"ಹಿಡಿತವಾಗಿ ಹಾಕಿದ್ರೆ ಮೂರು ತಿಂಗಳು."

"ಹಿಡಿತ ಗಿಡಿತ ಇಲ್ಲ. ಮುಗಿದಾಗಲೆಲ್ಲ ಹುರಿಯೋದು ನೀವೇ. ಒಪ್ಪಿಗೆನಾ?"

"ಒಪ್ಪಿಗೆ."

"ಬರ್ಕೊಡಿ."

ಪತ್ರದ ಹಿಂಬದಿಯಲ್ಲಿ ಬರೆಯಲು ಹೋದೆ. ಮನೆಯೊಡತಿ ಏನಂದುಕೊಂಡಾಳು ಎಂದು ಅವಳೇ ತಡೆದು, ಪುಡಿಯ ಬಣ್ಣ ಹೊಂದಿಸಿದ್ದ ರಟ್ಟನ್ನು ಮುಂದಿಟ್ಟಳು. ಹೊಸ ಪುಡಿ ಅದಕ್ಕಿಂತ ಎರಡು ಛಾಯೆ ಕೆಂಪಾಗಿತ್ತು. ಟೇಪಿನ ಕೆಳಗೆ ಬರೆದುಕೊಟ್ಟೆ. ಅವಳು ಕೈ ತೊಳೆದು ಬಂದು ಖಾಲಿ ಗೆರೆಯ ಮೇಲೆ ನಿಧಾನವಾಗಿ ಪೂರ್ತಿ ಹೆಸರು ಬರೆದಳು.

ಅಷ್ಟರಲ್ಲಿ ಫೋನು ಬಂತು. ಅಮ್ಮ. "ಚಿಕ್ಕಮ್ಮ ಬಂದ್ಲಾ?"

ಹೆಂಡತಿ ಫೋನು ಇಸಿದುಕೊಂಡಳು.

"ಬಂದಿದ್ದಾರೆ ಅತ್ತೆ," ಎಂದಳು. "ಎರಡು ವರ್ಷ ಇಲ್ಲೇ ಇರ್ತಾರಂತೆ."