ಆರೂ ಎಂಟೂ ಕೂಡಿದರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಅದನ್ನು ಸಹಿಸಿಕೊಳ್ಳಲು ಈಗ ಯಾರೂ ಇಲ್ಲ. ಬೈಯಬೇಕೆಂದರೆ ಡ್ರಿಲ್ಲಿಂಗ್ ಮಷೀನನ್ನೇ ಬೈಯಬೇಕು. ಮೊದಲು ತಂಗಿ ಇದ್ದಳು. ನಾನು ವೈರ್ ಎಳೆಯುತ್ತಿದ್ದೆ, ಓದಿಕೊಂಡಿದ್ದ ಅವಳು ಲೆಕ್ಕ ಹಾಕುತ್ತಿದ್ದಳು.

ಏಳು ವರ್ಷದ ಹಿಂದೆ ಒಂದು ಲಾಂಡ್ರಿಯ ವೈರಿಂಗ್ ಕೆಲಸ ಬಂತು. ತಂಗಿ ಹೋಗಿ ಕರೆಂಟ್ ಅಳೆದು ತಂದಳು. ನೀರು ಕಾಯಿಸುವ ಹೀಟರ್ ಆರು ಆಂಪಿಯರ್, ಬಟ್ಟೆ ಹಾಕದೆ ಓಡಿಸಿದ ಮೋಟಾರ್ ಎಂಟು, ಎರಡೂ ಒಟ್ಟಿಗೆ ಓಡಿದಾಗ ಹತ್ತೂವರೆ.

"ಆರೂ ಎಂಟೂ ಹದಿನಾಲ್ಕು ಕಣೇ ಪುಟ್ಟಿ. ಎಲ್ಲಿಗೂ ಹೋಗ್ದೆ ಕೂತಲ್ಲೇ ಬರ್ಕೊಂಡು ಬಂದಿದ್ದೀಯ!"

"ಇಲ್ಲ ಅಣ್ಣಾ. ಹೀಟರ್ ಕರೆಂಟು ವೋಲ್ಟೇಜ್ ಜೊತೆಗೇ ಏರಿ ಇಳಿಯತ್ತೆ, ಮೋಟಾರಿಂದು ಹಿಂದೆ ಬೀಳತ್ತೆ. ಎರಡೂ ಒಂದೇ ಹೊತ್ತಿಗೆ ತುದಿ ಮುಟ್ಟಲ್ಲ, ಅದಕ್ಕೇ ಸುಮ್ನೆ ಕೂಡೋ ಹಾಗಿಲ್ಲ. ಪವರ್ರೂ ಅಷ್ಟೇ, ವೋಲ್ಟೇಜಿಗೆ ಕರೆಂಟು ಸುಮ್ನೆ ಗುಣಿಸೋ ಹಾಗಿಲ್ಲ. ಎಂಟು ಆಂಪಿಯರ್ ಎಳೆದ್ರೂ ಖಾಲಿ ಮೋಟಾರು ತಿನ್ನೋದು ಮುನ್ನೂರು ವ್ಯಾಟೂ ಇಲ್ಲ."

"ಸುಳ್ಳಿ," ಎಂದೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಅವಳು ಕೈಲಿದ್ದ ಮೀಟರನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಬೇರೆ ಊರಲ್ಲಿ ಕೆಲಸ ಹಿಡಿದಳಂತೆ. ನಾನು ಹಟಮಾರಿ, ಫೋನ್ ಮಾಡಲಿಲ್ಲ. ಎಲ್ಲ ಕರೆಂಟನ್ನೂ ಸುಮ್ಮನೆ ಕೂಡಿ, ಅದಕ್ಕೆ ತಕ್ಕಂತೆ ದಪ್ಪ ವೈರ್ ಹಾಕಿ ಕಾಲ ತಳ್ಳಿದೆ. ಒಬ್ಬನಿಗೆ ಅಡುಗೆ ಮಾಡುವ ಅಂದಾಜು ಇವತ್ತಿಗೂ ಸಿಕ್ಕಿಲ್ಲ, ದಿನಾ ಮಿಗುತ್ತದೆ.

ಇವತ್ತು ಮಧ್ಯಾಹ್ನ ರಿಪೇರಿ ಮಾಡಿದ ಮೋಟಾರೊಂದನ್ನು ಖಾಲಿ ಓಡಿಸಿ ನೋಡುತ್ತಿದ್ದೆ. ಅದೇ ಲೈನಿನಲ್ಲಿ ನನ್ನ ಹೀಟರೂ ಉರಿಯುತ್ತಿತ್ತು. ಮೋಟಾರ್ ಐದು ಆಂಪಿಯರ್, ಹೀಟರ್ ನಾಲ್ಕು. ಮೇನ್ ವೈರಿಗೆ ಮೀಟರ್ ಹಿಡಿದರೆ ಏಳಕ್ಕೂ ಕಡಿಮೆ! ಮೀಟರ್ ಕೆಟ್ಟಿದೆ ಎಂದು ಇನ್ನೊಂದು ತಂದೆ. ಅದೂ ಅಷ್ಟೇ ತೋರಿಸಿತು. ಪಕ್ಕದ ಅಂಗಡಿಯಿಂದ ಮೂರನೆಯದನ್ನು ಇಸಿದುಕೊಂಡು ಬಂದೆ. ಅದೂ ಅಷ್ಟೇ.

ಸ್ಟೂಲಿನ ಮೇಲೆ ಕೂತೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಅವಳು ವಾಪಸು ಬಂದರೆ ಸಾಕು ಅನ್ನಿಸಿತು. ನಂಬರ್ ಹುಡುಕಿ ಫೋನ್ ಮಾಡಿದೆ.

"ಪುಟ್ಟಿ, ನೀನು ಹೇಳಿದ್ದೇ ಸರಿ ಕಣೇ. ಮೂರು ಮೀಟರಲ್ಲಿ ನೋಡ್ದೆ. ತಪ್ಪಾಯ್ತು. ಅಂಗಡಿಗೆ ಬಂದ್ಬಿಡು."



"ಮೀಟರ್ ಬೇರೆ ಥರ ತೋರ್ಸಿದ್ರೆ ಫೋನ್ ಮಾಡ್ತಿದ್ಯಾ ಅಣ್ಣಾ?"

ಮಾಡುತ್ತಿದ್ದೆ ಎನ್ನಲು ಬಾಯಿ ತೆರೆದೆ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ," ಎಂದೆ.

"ಸರಿ, ಇಡ್ತೀನಿ," ಎಂದಳು.