ಗೋಡೆಯ ಮೇಲಿನ ಕುಂಕುಮ

"ಇಳಸ್ರಿ ವಿಮಾನಾ! ಇಲ್ಲೇ ಇಳಸ್ರಿ!"

ಹೆಣದ ಮಂಟಪಕ್ಕೆ ಹೆಗಲು ಕೊಟ್ಟವರು ಗಕ್ಕನೆ ನಿಂತರು. ಭಜನೆಯವರ ತಾಳ ತಪ್ಪಿತು. ಚಾವಡಿಯ ಮುಂದೆ ದಾರಿಗೆ ಅಡ್ಡವಾಗಿ, ಎರಡೂ ಕೈ ಚಾಚಿ ನಿಂತವಳು ಸತ್ತವರ ಹೆಂಡತಿ ಶಿವಗಂಗವ್ವ. ವಿಮಾನದಲ್ಲಿ ಬಾಳೆಕಂಬ, ಚೆಂಡುಹೂವಿನ ನಡುವೆ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ ಶಂಭುಲಿಂಗಪ್ಪ ಮಾಸ್ತರರು, ಬದುಕಿದ್ದಾಗಿನ ಹಾಗೆಯೇ, ಯಾರ ಮೇಲೋ ಸಿಟ್ಟಾದಂತೆ ಕಾಣುತ್ತಿದ್ದರು.

"ಏನಿದು ಚಿಗವ್ವಾ? ನಡುದಾರ್ಯಾಗ ಇಳಸಬಾರದು," ಎಂದು ಮಂಡಲ ಪ್ರಧಾನ ಶಂಕ್ರಪ್ಪ ಮುಂದೆ ಬಂದ. "ಹಳ್ಳ ಏರಾಕ ಹತ್ತೈತಿ. ಇನ್ನ ತಡಾ ಮಾಡಿದ್ರ ತೋಡಿದ ತೆಗ್ಗಿಗೆ ನೀರು ಹೊಕ್ಕತೈತಿ."

"ಹೊಗಲಿ. ಮೊದಲ ಆ ಗ್ವಾಡಿ ತೊಳೀರಿ. ಆಮ್ಯಾಲ ಅವರನ್ನ ಮಣ್ಣ ಮಾಡೀರಂತ."

ಎಲ್ಲರೂ ಚಾವಡಿಯ ಗೋಡೆಯತ್ತ ತಿರುಗಿದರು. ನಿನ್ನೆ ನಾಗರಪಂಚಮಿ. ಊರ ಹೆಂಗಸರು ಎರೆದ ಹಾಲು ಗೋಡೆಯುದ್ದಕ್ಕೂ ಇಳಿದು ಹೆಪ್ಪಾಗಿತ್ತು. ಅದರ ಮೇಲೆ ಅರಿಷಿಣ, ಅರಿಷಿಣದ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿದ ಜೋಳದ ಅಳ್ಳು. ನೊಣ ಮುತ್ತಿದ್ದವು. ಅದರ ಕೆಳಗೆ ಮಾಸ್ತರರು ಬರೆದ ಹಾವುಗಳಿದ್ದವು ಎಂಬುದು ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಪ್ರತಿ ವರ್ಷ ಪಂಚಮಿಯ ದಿನ ಮಾಸ್ತರರು ಇದೇ ಗೋಡೆಯ ಮುಂದೆ, ಒಂದು ಕೈ ಮುರಿದ ಕುರ್ಚಿ ಹಾಕಿಕೊಂಡು, ಬೆತ್ತ ಹಿಡಿದು ಕೂಡುತ್ತಿದ್ದರು. ಹಾಲಿನ ತಂಬಿಗೆ ತಂದವರಿಗೆಲ್ಲ ಬೈಗುಳದ ಪ್ರಸಾದ. ಈ ಸಲ ಎದ್ದು ಕೂಡಲು ಆಗಲಿಲ್ಲ. ಹೊರಸಿನ ಮೇಲೆ ಮಲಗಿ ಹೆಂಗಸರ ಹಾಡು ಕೇಳುತ್ತ, "ಗಂಗೀ, ಮುಚ್ಚಿಬಿಟ್ರು ನೋಡು, ಎಲ್ಲಾ ಮುಚ್ಚಿಬಿಟ್ರು," ಎಂದರು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು.

"ಗ್ವಾಡಿ ಚಿಂತಿ ನನಗ ಬಿಡ ಚಿಗವ್ವಾ," ಎಂದು ಶಂಕ್ರಪ್ಪ ದನಿ ತಗ್ಗಿಸಿದ. "ಆ ಗ್ವಾಡಿಗೆ ಬಿಳೀ ಟಾಯಿಲ್ಸ ಕೂಡಸೂಣು. ನಡುವ ಮಾಸ್ತರ ಫೋಟೋ, ಮ್ಯಾಲೊಂದು ಸಣ್ಣ ಗುಡಿ. ಪಂಚಾಯ್ತಿಯಿಂದನ ಮಾಡಸ್ತೀನಿ. ಊರಿಗೇ ಶೋಭಾ."

"ಅವರ ಹಾವಿನ ಮ್ಯಾಲೆ ಅವರದ ಫೋಟೋ ಬಡೀತಿಯೇನೋ? ಸತ್ತ ಮ್ಯಾಲೂ ಅವರ ಕೈಲೆನ ಮುಚ್ಚಸ್ತೀಯಾ?"

ಹೆಗಲು ನೋವಾಗಿದ್ದವರು ವಿಮಾನವನ್ನು ಗೋಡೆಯ ಮುಂದೆ ಇಳಿಸಿದರು.

* * *

ಎರೆಕೊಪ್ಪ ಎಂಬ ಈ ಊರು ಎರಡು ಹಳ್ಳಗಳು ಕೂಡುವ ಕವಲಿನಲ್ಲಿದೆ. ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. ಮಳೆಗಾಲದಲ್ಲಿ ಎರಡೂ ಹಳ್ಳ ಒಂದಾಗಿ ಊರೇ ನಡುಗಡ್ಡೆ. ಆಗ ಬಸ್ಸಿಲ್ಲ, ಡಾಕ್ಟರಿಲ್ಲ, ಅಣ್ಣಿಗೇರಿಯ ಸಂತೆಯೂ ಇಲ್ಲ. ಎರೆಹೊಲದ ಬಿರುಕುಗಳಲ್ಲಿ ವರ್ಷವಿಡೀ ಅಡಗಿದ್ದ ಹಾವು, ಚೇಳು, ಜರಿಗಳೆಲ್ಲ ಜೀವ ಉಳಿಸಿಕೊಳ್ಳಲು ಮನುಷ್ಯರಿದ್ದ ದಿಬ್ಬಕ್ಕೇ ಏರಿ ಬರುತ್ತಿದ್ದವು. ಊರವರು ಕಂಡದ್ದನ್ನೆಲ್ಲ ಬಡಿಯುತ್ತಿದ್ದರು. ಬಡಿದದ್ದು ನಾಗರವಾದರೆ ಗಾಬರಿಯಾಗಿ ತುಪ್ಪ ಹಾಕಿ ಸುಡುತ್ತಿದ್ದರು. ಇಷ್ಟೇ ಅವರ ಪ್ರಾಣಿಶಾಸ್ತ್ರ.

ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿ ಬಂದ ಮಾಸ್ತರರಿಗೆ ಇದು ಸಹನವಾಗಲಿಲ್ಲ. ಗೌಂಡಿ ಸಿರಾಜುದ್ದೀನನನ್ನು ಕರೆದು ಚಾವಡಿಯ ಗೋಡೆಗೆ ನುಣ್ಣಗೆ ಗಿಲಾವು ಮಾಡಿಸಿದರು. ಅದರ ಮೇಲೆ ಆಯಿಲ್ ಪೇಂಟಿನಲ್ಲಿ, ನೀರು ಬಂದಾಗ ಊರು ಹೊಗುವ ಜೀವಗಳನ್ನೆಲ್ಲ ಬರೆದರು. ಓದು ಬಾರದವರಿಗೂ ತಿಳಿಯಲೆಂದು ಕೊಲ್ಲುವ ವಿಷದ್ದಕ್ಕೆ ಕೆಂಪು ಸುತ್ತು, ಪಾಪದವಕ್ಕೆ ಹಸಿರು ಸುತ್ತು.

ಅವರ ಹೆಚ್ಚಿನ ಚಿಂತೆ ಎರಡು ಹಾವುಗಳದ್ದು. ಕಟ್ಟುಹಾವು, ತೋಳಹಾವು. ಎರಡಕ್ಕೂ ಕಪ್ಪು ಮೈ, ಬಿಳಿ ಪಟ್ಟೆ. ತೋಳಹಾವು ಕಡಿದರೆ ಒಂದು ಗೀರು, ಕಟ್ಟುಹಾವು ಕಡಿದರೆ ನೋವೂ ಇಲ್ಲದೆ ಸಾವು. "ಪಟ್ಟಿ ಕುತ್ತಿಗ್ಯಾಗ ದಟ್ಟ ಇದ್ರ ಬಡವ, ಬಾಲದಾಗ ದಟ್ಟ ಇದ್ರ ಯಮ," ಎಂದು ಮಾಸ್ತರರು ಹಾದುಹೋಗುವವರನ್ನು ನಿಲ್ಲಿಸಿ ಬಾಯಿಪಾಠ ಮಾಡಿಸುತ್ತಿದ್ದರು.

ಆದರೆ ಕಟ್ಟುಹಾವಿನ ಮೇಲ್ಭಾಗದಲ್ಲೇ ಹೆಡೆಯೆತ್ತಿದ ನಾಗರವಿತ್ತು. ಹುತ್ತ ಹುಡುಕುತ್ತ ಕೆಸರು ತುಳಿಯುವುದಕ್ಕಿಂತ ಇದು ಸುಲಭವೆಂದು ಮೊದಲ ಪಂಚಮಿಗೇ ಹೆಂಗಸರು ಕಂಡುಕೊಂಡರು. ಹೆಡೆಗೆರೆದ ಹಾಲು ಕೆಳಗಿಳಿದು ಕಟ್ಟುಹಾವನ್ನು ತೋಯಿಸಿತು. ಮಾಸ್ತರರು ನಾಗರವನ್ನು ಅಳಿಸಿ ಗೋಡೆಯ ಆ ತುದಿಯಲ್ಲಿ ಬರೆದರು. ಹೆಂಗಸರು ಅಲ್ಲಿಗೂ ಹೋದರು, ನಾಗಪ್ಪ ಮೊದಲಿದ್ದ ಜಾಗ ಬಿಟ್ಟರೆ ಪಾಪವೆಂದು ಇಲ್ಲಿಯೂ ಎರೆದರು. "ಪೂಜೆ ಮಾಡಬಾರದು" ಎಂದು ಮಾಸ್ತರರು ದಪ್ಪ ಅಕ್ಷರದಲ್ಲಿ ಬರೆದರು. ಆ ಅಕ್ಷರಕ್ಕೂ ಕುಂಕುಮ ಹತ್ತಿತು.

* * *

ಎಂಬತ್ತೊಂದನೇ ಇಸವಿಯ ಶ್ರಾವಣದಲ್ಲಿ ಮಾಸ್ತರರು ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಕುಂದಗೋಳಕ್ಕೆ ಹೋಗಿದ್ದರು. ಪಂಚಮಿಯ ಮರುದಿನ ನೀರು ಏರತೊಡಗಿತು. ಹೊಟ್ಟಿನ ಚೀಲ ಎತ್ತಿಡುತ್ತಿದ್ದ ಸಿರಾಜುದ್ದೀನನ ಬೆರಳಿಗೆ ಏನೋ ಚುಚ್ಚಿತು. ಬಿಳಿ ಪಟ್ಟೆಯ ಕರಿ ಹಾವು. ಬಡಿದು, ಕೋಲಿಗೆ ಹಾಕಿಕೊಂಡು ನಾಲ್ಕು ಜನ ಗೋಡೆಯ ಬಳಿ ಓಡಿದರು. ಅಲ್ಲಿ ಕೆಂಪು ಸುತ್ತಿನ ಹಾವು ಕುಂಕುಮದಡಿ ಮುಚ್ಚಿಹೋಗಿತ್ತು. ಮಾಸ್ತರರ ಬಾಯಿಪಾಠ ಗಾಬರಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಹಸಿರು ಸುತ್ತಿನದೊಂದೇ ಕಾಣುತ್ತಿತ್ತು. ಕಪ್ಪು ಮೈ, ಬಿಳಿ ಪಟ್ಟೆ.

"ಪಾಪದ್ದ ಐತೋ! ಏನೂ ಆಗೂದಿಲ್ಲ," ಎಂದು ನಗುತ್ತ ಬಂದರು. ಸಿರಾಜುದ್ದೀನನೂ ನಕ್ಕ. ಹಳ್ಳ ಇನ್ನೂ ಎದೆಮಟ್ಟ ಇತ್ತು, ಹೊತ್ತು ದಾಟಿಸಬಹುದಿತ್ತು. ಯಾರೂ ದಾಟಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣೆವೆ ಜೋತುಬಿದ್ದವು, ನಾಲಿಗೆ ತೊದಲಿತು. ಆಗ ದಾಟಲು ಹೋದರೆ ನೀರು ತಲೆಯ ಮೇಲಿತ್ತು. ತಾನೇ ಗಿಲಾವು ಮಾಡಿದ ಗೋಡೆಯ ಕೆಳಗೆ, ಹೆಂಡತಿ ಜುಲೇಖಾಬಿಯ ತೊಡೆಯ ಮೇಲೆ ಅವನ ಉಸಿರು ನಿಂತಿತು.

ತಿರುಗಿ ಬಂದ ಮಾಸ್ತರರು ಬೀದಿಯಲ್ಲಿ ನಿಂತು ಊರಿಗೆ ಊರನ್ನೇ ಬೈದರು. ಆಮೇಲೆ ಗೋಡೆಯನ್ನು ಹೊಸದಾಗಿ ಬರೆದು ಕುರ್ಚಿ ಹಾಕಿಕೊಂಡರು. ಮತ್ತೆಂದೂ ಪಂಚಮಿಗೆ ಊರು ಬಿಟ್ಟು ಹೋಗಲಿಲ್ಲ.

* * *

ಮಳೆ ಹನಿಯತೊಡಗಿತು. "ಹೊತ್ತು ಮೀರತೈತ್ರಿ," ಎಂದು ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ಯನವರು ಕೈ ಹಿಸುಕಿಕೊಂಡರು.

"ತೊಳೀತಾರ ಯಾರಬೇ?" ಎಂದಳು ಸಾವಿತ್ರೆವ್ವ. ಅವಳು ಶಂಕ್ರಪ್ಪನ ತಾಯಿ. ಪ್ರತಿ ಪಂಚಮಿಗೆ ಮೊದಲ ತಂಬಿಗೆ ಅವಳದೇ. "ಏರಿಸಿದ ಕುಂಕುಮಾ ತೆಗದ್ರ ನಾಗಪ್ಪ ಸುಮ್ನ ಬಿಡ್ತಾನೇನು? ಮಕ್ಕಳು ಮರಿ ಇದ್ದೊರು ನಾವು."

ಗುಂಪಿನಿಂದ ಯಾರೋ ಉಪಾಯ ಹೇಳಿದರು. "ಜುಲೇಖಾಬಿ ತೊಳೀಲಿ. ಆಕಿಗೆ ನಮ್ಮ ದೇವರ ಶಾಪ ತಟ್ಟೂದಿಲ್ಲ."

ಹಲವರು ಹೌದೆಂದು ತಲೆದೂಗಿದರು. ಹಿಂದೆ ನಿಂತಿದ್ದ ಜುಲೇಖಾಬಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ನನಗ ತಟ್ಟೂದಿಲ್ಲೇನ್ರಿ? ನನ್ನ ಗಂಡನ್ನ ಕಡಿಯುವಾಗ ಆ ಹಾವು ಜಾತಿ ಕೇಳಿತ್ತೇನು? ನೀವು ಹಚ್ಚಿದ ಕುಂಕುಮಕ್ಕ ಅವಾ ಸತ್ತ. ನೀವು ಹಚ್ಚೋರು, ನಾ ತೊಳ್ಯಾಕೇನು? ಮಾಸ್ತರಗೋಸ್ಕರ ಊರಿನ ಎಲ್ಲಾ ಗ್ವಾಡಿ ಬೇಕಾದ್ರ ತೊಳೀತೀನಿ. ಇದನ್ನ ಮಾತ್ರ ತೊಳ್ಯಾಂಗಿಲ್ಲ."

ಶಿವಗಂಗವ್ವ ಸಾವಿತ್ರೆವ್ವನ ಎದುರಿಗೆ ಹೋಗಿ ನಿಂತಳು. ಸೆರಗನ್ನು ಹಿಂದೆ ಸರಿಸಿ ಬರಿಯ ಹಣೆ ತೋರಿಸಿದಳು.

"ಮುಂಜಾನೆ ಇದನ್ನ ಒರಸಿದಾಕಿ ನೀನ. ನಾ ಬ್ಯಾಡ ಅಂದ್ರೂ ಕೈ ಹಿಡದು ಒರಸಿದಿ. ನನ್ನ ಹಣಿದು ಒರಸಾಕ ಹೆದರಲಿಲ್ಲ. ಗ್ವಾಡಿದು ಒರಸಾಕ ಹೆದರ್ತಿಯಾ ಸಾವಿತ್ರಿ?"

ಸಾವಿತ್ರೆವ್ವ ಆ ಹಣೆಯನ್ನು ನೋಡಿದಳು. ಉಜ್ಜಿದ ಕೆಂಪು ಇನ್ನೂ ಹಾಗೆಯೇ ಇತ್ತು. ಆಮೇಲೆ ಚಾವಡಿಯ ಪಕ್ಕದ ಕಲ್ಲಿನ ನೀರುದೋಣಿಯಿಂದ ಒಂದು ಕೊಡ ನೀರು ಎತ್ತಿ ತಂದು ಗೋಡೆಗೆ ಸುರಿದಳು. ಸೊಂಟದ ಸೆರಗು ಬಿಚ್ಚಿ ಉಜ್ಜತೊಡಗಿದಳು. ಕಣ್ಣೀರು ಸುರಿಯುತ್ತಿತ್ತು, ಬಾಯಲ್ಲಿ "ತಪ್ಪಾತೋ ನಾಗಪ್ಪಾ, ತಪ್ಪಾತೋ ಮಾಸ್ತರ" ಎಂಬ ಗುನುಗು. ಇನ್ನಿಬ್ಬರು ಹೆಂಗಸರು ಕೊಡ ಹಿಡಿದರು. ಕೆಂಪು ನೀರು ಹರಿದು ವಿಮಾನದ ಕಾಲು ನೆನೆಸಿತು. ಮೊದಲು ಬಿಳಿ ಪಟ್ಟೆ ಕಂಡವು, ಬಾಲದಲ್ಲಿ ದಟ್ಟವಾಗಿ. ಆಮೇಲೆ ಕೆಂಪು ಸುತ್ತು.

"ಈಗ ಎತ್ರಿ," ಎಂದಳು ಶಿವಗಂಗವ್ವ.

ತೆಗ್ಗಿನ ತಳದಲ್ಲಿ ನೀರು ಜಿನುಗುತ್ತಿತ್ತು. ಮಾಸ್ತರರನ್ನು ವಿಭೂತಿಯ ನಡುವೆ ಕೂಡಿಸಿ, ಬಿಲ್ವಪತ್ರೆ ಹಾಕಿ, ಅವಸರದಲ್ಲಿ ಮಣ್ಣೆಳೆದರು. ಮಿಂದು ತಿರುಗಿ ಬರುವಷ್ಟರಲ್ಲಿ ಹಳ್ಳ ಊರ ಅಗಸಿಬಾಗಿಲ ಕೆಳಗೆ ಬಂದಿತ್ತು.

ಚಾವಡಿಯ ಗೋಡೆ ತೊಳೆದಂತೆಯೇ ಇತ್ತು. ಆದರೆ ಮಣ್ಣಿಗೆ ಹೋಗದೆ ಉಳಿದ ಹೆಂಗಸರು ಒಳಗಿನಿಂದ ಮಾಸ್ತರರ ಕುರ್ಚಿಯನ್ನು ಹೊರಗೆ ತಂದು ಗೋಡೆಯ ಮುಂದಿಟ್ಟಿದ್ದರು. ಬೆನ್ನಿಗೆ ಅರಿಷಿಣ, ಮುರಿಯದ ಕೈಗೆ ಹೂವಿನ ಮಾಲೆ, ಕೂಡುವಲ್ಲಿ ಹಾಲು, ಹಾಲಿನ ನಡುವೆ ಕಾಸಿನಗಲ ಕುಂಕುಮ. ಒಬ್ಬಾಕೆ ಊದಿನಕಡ್ಡಿ ಹಚ್ಚಲು ಕಡ್ಡಿ ಗೀರುತ್ತಿದ್ದಳು.

ಜುಲೇಖಾಬಿ "ಯಾ ಅಲ್ಲಾ" ಎಂದು ಹಣೆ ಬಡಿದುಕೊಂಡಳು.

ಶಿವಗಂಗವ್ವ ಕುರ್ಚಿಯ ಹತ್ತಿರ ಹೋದಳು. ಮಾಲೆ ತೆಗೆದು ಪಕ್ಕಕ್ಕಿಟ್ಟಳು. ಒದ್ದೆ ಸೆರಗಿನಿಂದ ಹಾಲು, ಕುಂಕುಮ ಒರೆಸಿದಳು. ಚಾವಡಿಯ ಮೂಲೆಯಲ್ಲಿದ್ದ ಬೆತ್ತವನ್ನು ಜುಲೇಖಾಬಿ ತಂದು ಕೊಟ್ಟಳು. ಅದನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಬರಿಯ ಹಣೆಯ ಶಿವಗಂಗವ್ವ ಊರಿಗೆ ಮುಖ ಮಾಡಿ ಗಂಡನ ಕುರ್ಚಿಯಲ್ಲಿ ಕುಳಿತಳು.